ಮಧುಗಿರಿ ಸೀಮೆಯ ಬೆಟ್ಟದ ದೊಣೆಗಳು

ಅಮೆರಿಕದ ಆರೆಗನ್ ರಾಜ್ಯದಲ್ಲಿ ಸುಮಾರು 7,700 ವರ್ಷಗಳ ಹಿಂದೆ ಮಜಾಮ ಎಂಬ ಜ್ವಾಲಾಮುಖಿಯು ತನ್ನೊಡಲಿನ ಶಿಲಾಪಾಕವನ್ನು, ಅಂದರೆ ಕರಗಿದ ಕಲ್ಲಿನ ರಸವನ್ನು, ಹೊರಚೆಲ್ಲಿ ಕುಸಿಯಿತು. ಆ ಕುಳಿಯಲ್ಲಿ ನಿಂತ ನೀರೇ 594 ಮೀಟರ್ ಆಳದ ಕ್ರೇಟರ್ ಸರೋವರ. ಯಾವ ನದಿಯೂ ಬಂದು ಸೇರದ, ಮಳೆ ಮತ್ತು ಹಿಮದಿಂದಲೇ ತುಂಬಿಕೊಂಡಿರುವ ಈ ಸರೋವರಕ್ಕೆ ಈಜಲೆಂದೂ ದೋಣಿವಿಹಾರಕ್ಕೆಂದೂ ಪ್ರವಾಸಿಗಳು 2025ರವರೆಗೂ ಬರುತ್ತಿದ್ದರು. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಸೀಮೆಯಲ್ಲಿ ಗುಡ್ಡಗಳಿಗೆ ಕೊರತೆಯಿಲ್ಲದಿದ್ದರೂ ಅಂಥ ಸರೋವರ ಒಂದೂ ಇಲ್ಲ.

ಇದಕ್ಕೆ ಕಾರಣ ಕಲ್ಲಿನ ಹುಟ್ಟಿನಲ್ಲಿಯೇ ಇದೆ. ರಾಮನಗರದ ಕಡೆಯಿಂದ ತುಮಕೂರು ಜಿಲ್ಲೆಯನ್ನು ಹಾದು ಉತ್ತರಕ್ಕೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯು ಸುಮಾರು 250 ಕೋಟಿ ವರ್ಷಗಳ ಹಿಂದಿನ ಶಿಲಾಪಾಕವೇ ಆಗಿದ್ದರೂ, ಅದು ನೆಲದಾಳದಲ್ಲಿಯೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿನ ಹೊದಿಕೆಯು ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಸವೆದುಹೋದ ಮೇಲೆ ಬಯಲಾದ ಗಟ್ಟಿಬಂಡೆಗಳಲ್ಲಿ 3,930 ಅಡಿ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟವೂ ಒಂದು.

ಇಂಥ ಬಂಡೆಯ ಮೇಲೆ ನೀರು ನಿಲ್ಲುವ ತಾಣವೇ ದೊಣೆ. ಬಂಡೆಯ ಸಣ್ಣ ತಗ್ಗಿನಲ್ಲಿ ಮಳೆನೀರು ನಿಂತಾಗ ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಮೆಲ್ಲನೆ ಜೇಡಿಯಾಗಿ ಮಾರ್ಪಟ್ಟು, ಅದರ ಹಿಡಿತ ತಪ್ಪಿದ ಉಳಿದ ಹರಳುಗಳು ಸಡಿಲವಾಗುತ್ತವೆ; ಬೇಸಿಗೆಯಲ್ಲಿ ಆ ಪುಡಿಯನ್ನು ಗಾಳಿ ಒಯ್ಯುತ್ತದೆ, ಮರುವರ್ಷದ ಮಳೆಗೆ ತಗ್ಗು ಇನ್ನಷ್ಟು ನೀರು ಹಿಡಿಯುತ್ತದೆ. ಕೋಟೆ ಕಟ್ಟಿದವರು ಇವುಗಳಲ್ಲಿ ಕೆಲವನ್ನು ಉಳಿಯಿಂದ ಹಿಗ್ಗಿಸಿ, ಬದಿಗೆ ಕಟ್ಟೆ ಕಟ್ಟಿ ಬಳಸಿಕೊಂಡರು.

ಮಧುಗಿರಿ ದುರ್ಗದ ಹುಟ್ಟಿಗೂ ನೀರೇ ಕಾರಣವೆಂಬುದು ಸ್ಥಳೀಯ ಪ್ರತೀತಿ. ಬೆಟ್ಟದ ಈಶಾನ್ಯಕ್ಕೆ ತಪ್ಪಿಸಿಕೊಂಡು ಹೋಗಿದ್ದ ಕುರಿಯೊಂದು ಮೈಯೆಲ್ಲ ಒದ್ದೆಯಾಗಿ ಮರಳಿದ್ದನ್ನು ಕಂಡು, ಮೇಲೆ ನೀರಿದೆಯೆಂದು ತಿಳಿದ ರಾಜ ಹಿರೇಗೌಡನು ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದನೆನ್ನುತ್ತಾರೆ. ಕಲ್ಲಿನ ಕೋಟೆ ಎದ್ದದ್ದು ಅನಂತರ, ಹೈದರಾಲಿಯ ಕಾಲದಲ್ಲಿ. ಕತೆ ಹೇಗೇ ಇರಲಿ, ಅದರ ತರ್ಕ ಮಾತ್ರ ಗಟ್ಟಿಯಾದುದು: ನೀರಿಲ್ಲದ ಬೆಟ್ಟ ಎಷ್ಟೇ ಕಡಿದಾಗಿದ್ದರೂ ಮುತ್ತಿಗೆಯನ್ನು ತಾಳಲಾರದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿರಿಸಿದ್ದು ಇದೇ ದುರ್ಗದಲ್ಲಿ. 1767ರಲ್ಲಿ ಪೇಶ್ವೆ ಮಾಧವರಾವ್ ಇದನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು.

ಇದೇ ಸೀಮೆಯ ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಗುಹೆಯೊಳಗಿನ ನೀರು ಭಕ್ತರಿಗೆ ತೀರ್ಥವಾಗಿದೆ. ಶಿರಾದ ಬಯಲಿನಲ್ಲಿಯಾದರೋ ಏರಿ ಕಟ್ಟಿ ನಿಲ್ಲಿಸಿದ ಕೆರೆಯೇ ಜನರ ಆಸರೆ.

ಇಂದು ರಜೆಯ ದಿನಗಳಲ್ಲಿ ಬೆಂಗಳೂರಿನಿಂದಲೂ ಜನ ಮಧುಗಿರಿಯನ್ನು ಹತ್ತಲು ಬರುತ್ತಾರೆ. ಆದರೆ ಕ್ರೇಟರ್ ಸರೋವರದ ವಿಹಾರವನ್ನು ದೊಣೆಗೆ ತರಲಾಗದು. ಪಾಚಿಗಟ್ಟಿದ ಅಂಚು ಜಾರುತ್ತದೆ, ಕಲ್ಲಿನ ಗೋಡೆಯಲ್ಲಿ ಹಿಡಿದು ಮೇಲೇರಲು ಆಸರೆಯಿರುವುದಿಲ್ಲ, ಹಸಿರು ನೀರಿನ ಆಳ ದಡದಿಂದ ತಿಳಿಯುವುದಿಲ್ಲ. ಹರಿದು ಹೋಗಲು ದಾರಿಯಿಲ್ಲದ ಈ ನೀರಿಗೆ ಬಿದ್ದ ಬಾಟಲಿ, ಸೋಪು, ಎಣ್ಣೆ ಅಲ್ಲಿಯೇ ಉಳಿದು, ಬೇಸಿಗೆಯಲ್ಲಿ ಅದನ್ನೇ ಕುಡಿಯಬೇಕಾದ ಹಕ್ಕಿ ಮತ್ತು ಕಾಡುಪ್ರಾಣಿಗಳಿಗೆ ವಿಷವಾಗುತ್ತವೆ. ಆದುದರಿಂದ ಬೆಟ್ಟ ಹತ್ತುವವರು ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು, ದೊಣೆಗೆ ಇಳಿಯದೆ ದಡದಿಂದಲೇ ನೋಡಬೇಕು, ಖಾಲಿಯಾದ ಬಾಟಲಿಯನ್ನು ಕೆಳಗೆ ಮರಳಿ ತರಬೇಕು.