ಮಗಳು ಕಾಮರ್ಸ್ ಮೇಡಂ, ಕಂಪ್ಯೂಟರ್ ಮೇಡಂ ಆಗಬೇಕಾದರೆ



ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸಂಘಗಳ ಸಭೆಗೆ ನಾವು ಬಂದಾಗ ಉಳಿತಾಯ, ಸಾಲ, ಕಂತು ಎಲ್ಲಾ ಮುಗಿದು ಚಾಪೆ ಸುತ್ತುವ ಹೊತ್ತಿಗೆ ಒಬ್ಬರಾದರೂ ತಾಯಿ ಹತ್ತಿರ ಬಂದು ಕೇಳುತ್ತಾರೆ: “ಸಿಸ್ಟರ್, ನಮ್ಮ ಹುಡುಗಿ ಕಾಲೇಜಲ್ಲಿ ಕಾಮರ್ಸ್ ಮೇಡಂ ಆಗ್ತೀನಿ ಅಂತಾಳೆ. ಏನು ಓದಿಸ್ಬೇಕು? ಎಷ್ಟು ವರ್ಷ ಬೇಕು?” ಇನ್ನೊಬ್ಬರದು ಕಂಪ್ಯೂಟರ್ ಮೇಡಂ ಆಗುವ ಆಸೆ. ನಿಂತಲ್ಲೇ ಅರ್ಧ ಉತ್ತರ ಹೇಳುವುದಕ್ಕಿಂತ ಪೂರ್ತಿಯಾಗಿ ಬರೆಯೋಣ ಎಂದು ಈ ಲೇಖನ.

ಬರೆಯಲು ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಹಳೇಬೀಡು ಕಡೆಯ ಒಂದು ಸಂಘದಲ್ಲಿ ಒಬ್ಬ ತಾಯಿ ಮಗಳ ಓದಿಗೆಂದು 25,000 ರೂಪಾಯಿ ಸಾಲ ಕೇಳಿದರು. ಮಗಳು ಪಿ.ಯು.ಸಿ. ಪಾಸಾಗಿದ್ದಳು. ಒಂದು ಖಾಸಗಿ ಸಂಸ್ಥೆಯಲ್ಲಿ ಆರು ತಿಂಗಳ ‘ಕಂಪ್ಯೂಟರ್ ಟೀಚರ್ ಟ್ರೈನಿಂಗ್’, ಮುಗಿದ ಮೇಲೆ ಶಾಲೆಯಲ್ಲಿ ಕೆಲಸ ಗ್ಯಾರಂಟಿ ಎಂದಿದ್ದರಂತೆ. ಓದಿಗೆ ತಾನೇ ಎಂದು ಎಲ್ಲರೂ ಒಪ್ಪಿದರು. ಆ ದಿನ ನಾವೂ ಸಭೆಯಲ್ಲಿದ್ದೆವು. ನಡಾವಳಿ ಪುಸ್ತಕದಲ್ಲಿ ನಮ್ಮ ಸಹಿಯೂ ಇದೆ. ಆ ಸರ್ಟಿಫಿಕೇಟಿಗೆ ಯಾರ ಮಾನ್ಯತೆ ಇದೆ ಎಂದು ನಾವು ಯಾರೂ ಕೇಳಲಿಲ್ಲ. ಹುಡುಗಿ ಸರ್ಟಿಫಿಕೇಟ್ ಹಿಡಿದು ಶಾಲೆಗಳಿಗೆ ಹೋದಾಗ ಎಲ್ಲಾ ಕಡೆ ಒಂದೇ ಪ್ರಶ್ನೆ: “ಡಿಗ್ರಿ ಎಲ್ಲಿದೆ?” ತಾಯಿ ಮಾತ್ರ ತಿಂಗಳಿಗೆ 1,000 ಅಸಲು, ಅದರ ಮೇಲೆ ಬಡ್ಡಿ, ಹೀಗೆ 25 ಕಂತು ಕಟ್ಟಿ ತೀರಿಸಿದರು. ಆ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಈ ವಿಷಯ ನಿಮಗೆ ಹೊಸದಲ್ಲ

ವಾಣಿಜ್ಯ ಶಾಸ್ತ್ರ ಎಂದ ಕೂಡಲೇ ಹೆದರಬೇಡಿ. ನಿಮ್ಮ ಸಂಘದ ನಗದು ಪುಸ್ತಕವೇ ಅದರ ಮೊದಲ ಪಾಠ. ಪೆಟ್ಟಿಗೆಯಲ್ಲಿ 8,000 ಇದೆ. ಒಬ್ಬ ಸದಸ್ಯೆಗೆ 5,000 ಸಾಲ ಕೊಟ್ಟಿರಿ. ಪೆಟ್ಟಿಗೆಯಲ್ಲಿ ಉಳಿದದ್ದು 3,000. ಹಾಗಂತ ಸಂಘ ಬಡವಾಯಿತೇ? ಇಲ್ಲ. ಬರಬೇಕಾದ ಸಾಲ 5,000, ಕೈಯಲ್ಲಿರುವುದು 3,000, ಒಟ್ಟು ಅದೇ 8,000. ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಬರೆದಿರಬೇಕು. ಪ್ರತಿ ವ್ಯವಹಾರಕ್ಕೂ ಎರಡು ಮುಖ ಎನ್ನುವ ಈ ನಿಯಮದ ಮೇಲೇ ಲೆಕ್ಕಶಾಸ್ತ್ರವೆಲ್ಲಾ ನಿಂತಿದೆ.

ಕಂಪ್ಯೂಟರ್ ವಿಷಯವೂ ಹಾಗೇ. ಹದಿನೈದು ಸದಸ್ಯೆಯರ ಬಡ್ಡಿಯನ್ನು ನೀವು ಹದಿನೈದು ಸಲ ಗುಣಿಸುತ್ತೀರಿ. ಕಂಪ್ಯೂಟರಿಗಾದರೆ ‘ಉಳಿದ ಅಸಲಿನ ನೂರಕ್ಕೆ ಒಂದು’ ಎಂಬ ನಿಯಮವನ್ನು ಒಂದೇ ಸಲ ಬರೆದುಕೊಟ್ಟರೆ ಸಾಕು, ಹದಿನೈದೂ ಅದೇ ಮಾಡುತ್ತದೆ. ನಿಯಮ ತಪ್ಪಿದ್ದರೆ ಹದಿನೈದೂ ತಪ್ಪು. ಕೆಲಸವನ್ನು ಹೀಗೆ ಹಂತಹಂತವಾಗಿ, ತಪ್ಪಿಲ್ಲದೆ ಬರೆದುಕೊಡುವುದೇ ಗಣಕ ವಿಜ್ಞಾನದ ತಿರುಳು. ಬರೀ ಟೈಪ್ ಮಾಡುವುದು ಗಣಕ ವಿಜ್ಞಾನವಲ್ಲ.

ನಿಮ್ಮ ಮಕ್ಕಳು ಹೈಸ್ಕೂಲಿನಲ್ಲೇ ಸಮಾಜ ವಿಜ್ಞಾನ ಪುಸ್ತಕದ ‘ವ್ಯವಹಾರ ಅಧ್ಯಯನ’ ಭಾಗದಲ್ಲಿ ಬ್ಯಾಂಕು, ಉದ್ಯಮ, ಗ್ರಾಹಕರ ಹಕ್ಕು ಇವನ್ನು ಓದುತ್ತಾರೆ. ಆದರೆ ವಾಣಿಜ್ಯವನ್ನು ಪ್ರತ್ಯೇಕ ವಿಷಯವಾಗಿ ಕಲಿಸುವುದು ಪಿ.ಯು.ಸಿ.ಯಿಂದ. ಆದ್ದರಿಂದ ಕಾಮರ್ಸ್ ಮೇಡಂ ಎಂದರೆ ಹೆಚ್ಚಾಗಿ ಪಿ.ಯು. ಅಥವಾ ಡಿಗ್ರಿ ಕಾಲೇಜಿನ ಉಪನ್ಯಾಸಕಿ.

ಮೆಟ್ಟಿಲು ಎಷ್ಟು?

ಮೊದಲ ಮೆಟ್ಟಿಲು ಪಿ.ಯು.ಸಿ., 2 ವರ್ಷ. ವಾಣಿಜ್ಯ ವಿಭಾಗದಲ್ಲಿ ‘ಇ.ಬಿ.ಎ.ಸಿ.’ ಎಂಬ ಜೋಡಣೆ ಇದೆ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ, ಗಣಕ ವಿಜ್ಞಾನ ನಾಲ್ಕೂ ಅದರಲ್ಲಿ ಬರುತ್ತವೆ. ಎರಡು ಆಸೆಯೂ ಇರುವ ಹುಡುಗಿಗೆ ಇದು ಒಳ್ಳೆಯದು. ನಿಮ್ಮ ಹತ್ತಿರದ ಕಾಲೇಜಿನಲ್ಲಿ ಈ ಜೋಡಣೆ ಇದೆಯೇ ಎಂದು ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೆ ಮೊದಲೇ ವಿಚಾರಿಸಿ.

ಎರಡನೆಯದು ಪದವಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. 2024-25ರಿಂದ ಮತ್ತೆ 3 ವರ್ಷಕ್ಕೆ ಬಂದಿದೆ. ವಾಣಿಜ್ಯಕ್ಕೆ ಬಿ.ಕಾಂ., ಕಂಪ್ಯೂಟರಿಗೆ ಬಿ.ಸಿ.ಎ. ಅಥವಾ ಗಣಕ ವಿಜ್ಞಾನ ಇರುವ ಬಿ.ಎಸ್ಸಿ. ಅರಸೀಕೆರೆಯಲ್ಲೂ ಬೇಲೂರಿನಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಪದವಿಗೆಂದು ಮಗಳನ್ನು ದೂರದ ಹಾಸ್ಟೆಲಿಗೇ ಕಳಿಸಬೇಕೆಂದಿಲ್ಲ.

ಮೂರನೆಯದು ಸ್ನಾತಕೋತ್ತರ ಪದವಿ, 2 ವರ್ಷ. ವಾಣಿಜ್ಯಕ್ಕೆ ಎಂ.ಕಾಂ. ಕಂಪ್ಯೂಟರಿಗೆ ಎಂ.ಎಸ್ಸಿ. ಅಥವಾ ಎಂ.ಸಿ.ಎ. ಮೂರು ವರ್ಷ ಇದ್ದ ಎಂ.ಸಿ.ಎ. 2020ರಿಂದ ಎರಡು ವರ್ಷವಾಗಿದೆ. ಹಾಸನದಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯೇ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲವಾದ್ದರಿಂದ ಅರಸೀಕೆರೆ, ಬೇಲೂರು, ಹಳೇಬೀಡು ಎಲ್ಲಿಂದಲೂ ಹಾಸನಕ್ಕೆ ಓಡಾಡಿಕೊಂಡು ಓದುವುದು ಮೊದಲಿಗಿಂತ ಸುಲಭ.

ನಾಲ್ಕನೆಯ ಮೆಟ್ಟಿಲಿನಲ್ಲಿ ದಾರಿ ಎರಡಾಗುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳಿ.

ಪಿ.ಯು. ಕಾಲೇಜಿನ ದಾರಿ: ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಬೇಕು ಎನ್ನುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮ. ಯಾವುದಾದರೂ ವಿಷಯಕ್ಕೆ ವಿನಾಯಿತಿ ಇದ್ದರೆ ಆಯಾ ನೇಮಕಾತಿಯ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಬಾಯಿ ಮಾತು ನಂಬಬೇಡಿ.

ಡಿಗ್ರಿ ಕಾಲೇಜಿನ ದಾರಿ: ಇಲ್ಲಿ ಬಿ.ಇಡಿ. ಕೇಳುವುದಿಲ್ಲ. ಸ್ನಾತಕೋತ್ತರದಲ್ಲಿ ಶೇಕಡ 55 ಅಂಕ, ಮತ್ತು ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆ ಪಾಸಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇಕಡ 50 ಸಾಕು. ಎನ್.ಇ.ಟಿ. ಇಡೀ ದೇಶದ್ದು, ಕೆ-ಸೆಟ್ ನಮ್ಮ ರಾಜ್ಯದ್ದು. ಎನ್.ಇ.ಟಿ.ಯಲ್ಲಿ ಎರಡು ಪತ್ರಿಕೆ, ಒಟ್ಟು 150 ಪ್ರಶ್ನೆ, 300 ಅಂಕ. ಉಪನ್ಯಾಸಕರ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಬರೆಯಬಹುದು.

ಲೆಕ್ಕ ಹಾಕಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು. ಉಪನ್ಯಾಸಕಿಯ ಅರ್ಹತೆಗೆ 2, 3, 2, 2, ಒಟ್ಟು 9 ವರ್ಷ. ಹದಿನಾರರ ಹುಡುಗಿಗೆ ಇಪ್ಪತ್ತೈದಾಗುತ್ತದೆ. ಡಿಗ್ರಿ ಮುಗಿಯುತ್ತಲೇ ಗಂಡು ನೋಡಲು ಹೊರಡುವ ನಮ್ಮ ಊರುಗಳಲ್ಲಿ ಬಹಳ ಹುಡುಗಿಯರು ಎರಡನೇ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಇನ್ನೆರಡು ಮೆಟ್ಟಿಲು ಇದೆ ಎಂದು ಮನೆಯವರಿಗೆಲ್ಲಾ ಮೊದಲೇ ಗೊತ್ತಿದ್ದರೆ ಮಾತೇ ಬೇರೆ.

ಇನ್ನೊಂದು ಹೊಸ ದಾರಿಯೂ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪಿ.ಯು.ಸಿ. ಆದ ಮೇಲೆ ಪದವಿ ಮತ್ತು ಬಿ.ಇಡಿ. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸು. ಬಿ.ಕಾಂ. ಬಿ.ಇಡಿ. ಕೂಡ ಅದರಲ್ಲಿ ಒಂದು ವಿಭಾಗ. ಪ್ರವೇಶ ಪರೀಕ್ಷೆ ಬರೆಯಬೇಕು, ಕೆಲವೇ ಸಂಸ್ಥೆಗಳಲ್ಲಿ ಇದೆ. ಒಂದು ವರ್ಷ ಉಳಿಯುತ್ತದೆ, ಆದರೆ ಪಿ.ಯು. ಉಪನ್ಯಾಸಕಿಯಾಗಲು ಆಮೇಲೆ ಎಂ.ಕಾಂ. ಬೇಕೇ ಬೇಕು.

ಟಿ.ಇ.ಟಿ. ಪರೀಕ್ಷೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಅದು ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ.

ಬಿ.ಇಡಿ.ಯಲ್ಲಿ ಏನು ಕಲಿಸುತ್ತಾರೆ?

“ಎಂ.ಕಾಂ. ಓದಿದವಳಿಗೆ ಇನ್ನೂ ಎರಡು ವರ್ಷ ಏನು ಕಲಿಸ್ತಾರೆ ಸಿಸ್ಟರ್?” ಎಂದು ಅರಸೀಕೆರೆಯ ಒಬ್ಬ ತಾಯಿ ಕೇಳಿದ್ದರು. ಗೊತ್ತಿರುವುದು ಬೇರೆ, ಗೊತ್ತು ಮಾಡಿಸುವುದು ಬೇರೆ. ಒಂದು ಉದಾಹರಣೆ ನೋಡಿ. ಖಾತೆಗೆ ಹಣ ಬಂದರೆ ಬ್ಯಾಂಕಿನಿಂದ ಮೊಬೈಲಿಗೆ ‘ಕ್ರೆಡಿಟ್’ ಎಂದು ಮೆಸೇಜು ಬರುತ್ತದೆ. ಅದೇ ಹುಡುಗಿ ಕಾಲೇಜಿಗೆ ಹೋದರೆ, ನಗದು ಬಂದರೆ ‘ಡೆಬಿಟ್’ ಬರೆಯಿರಿ ಎನ್ನುತ್ತಾರೆ. ತಲೆ ಕೆಡುವುದಿಲ್ಲವೇ? ಕಾರಣ ಇಷ್ಟೇ. ಮೆಸೇಜು ಬರುವುದು ಬ್ಯಾಂಕಿನ ಪುಸ್ತಕದಿಂದ. ನೀವು ಇಟ್ಟ ಹಣ ಬ್ಯಾಂಕು ನಿಮಗೆ ಕೊಡಬೇಕಾದ ಸಾಲ, ಅದಕ್ಕೇ ಅಲ್ಲಿ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅದು ನಿಮ್ಮ ಆಸ್ತಿ, ಅದಕ್ಕೇ ಡೆಬಿಟ್. ವಿಷಯ ಓದಿದವಳಿಗೆ ನಿಯಮ ಗೊತ್ತಿರುತ್ತದೆ. ಮಗು ಎಲ್ಲಿ ಎಡವುತ್ತದೆ ಎಂದು ಮೊದಲೇ ತಿಳಿದು, ಅಲ್ಲಿ ಕೈ ಹಿಡಿಯುವವಳು ಶಿಕ್ಷಕಿ. ತರಬೇತಿ ಇರುವುದು ಅದಕ್ಕೆ.

2015ಕ್ಕೆ ಮೊದಲು ಬಿ.ಇಡಿ. ಒಂದು ವರ್ಷ ಇತ್ತು, ಈಗ ಎರಡು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ, ಪಾಠ ಯೋಜನೆ ಹೇಗೆ ಬರೆಯುವುದು, ಪ್ರಶ್ನೆಪತ್ರಿಕೆ ಹೇಗೆ ಮಾಡುವುದು, ಎಲ್ಲಾ ಕಲಿಸುತ್ತಾರೆ. ಮೊದಲು ಜೊತೆಯವರ ಮುಂದೆಯೇ ಐದಾರು ನಿಮಿಷದ ಪುಟ್ಟ ಪಾಠ ಮಾಡಿಸಿ ತಪ್ಪು ತಿದ್ದುತ್ತಾರೆ. ಇದಕ್ಕೆ ಸೂಕ್ಷ್ಮ ಬೋಧನೆ ಎನ್ನುತ್ತಾರೆ. ಆಮೇಲೆ ನಿಜವಾದ ಶಾಲೆಯಲ್ಲಿ ಕನಿಷ್ಠ 20 ವಾರ ಅಭ್ಯಾಸ. ಈ ಅಭ್ಯಾಸಕ್ಕೆ ಶೇಕಡ 90, ತರಗತಿಗಳಿಗೆ ಶೇಕಡ 80 ಹಾಜರಾತಿ ಬೇಕು. ಆದ್ದರಿಂದ “ಬರದೇ ಇದ್ರೂ ಪರವಾಗಿಲ್ಲ, ಬಿ.ಇಡಿ. ಮಾಡಿಸ್ಕೊಡ್ತೀವಿ” ಎನ್ನುವವರ ಹತ್ತಿರ ದುಡ್ಡು ಕಟ್ಟಬೇಡಿ. ಅಂಚೆ ಮೂಲಕ ಓದುವ ಬಿ.ಇಡಿ. ಮುಖ್ಯವಾಗಿ ಈಗಾಗಲೇ ತರಬೇತಿ ಪಡೆದು ಶಾಲೆಯಲ್ಲಿ ಕೆಲಸ ಮಾಡುತ್ತಿರುವ ಶಿಕ್ಷಕರಿಗೆ ಇರುವುದು.

ಅತಿಥಿ ಉಪನ್ಯಾಸಕಿ ಎಂದರೆ

ಎಂ.ಕಾಂ. ಆದ ಕೂಡಲೇ ಕಾಯಂ ಕೆಲಸ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಸರ್ಕಾರದ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಬಹಳ ಹುಡುಗಿಯರು ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಾರೆ. ಅದು ಆ ವರ್ಷದ ಪಾಠಕ್ಕೆ ಮಾತ್ರ, ಕಾಯಂ ಅಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿದಾಗ, ಎನ್.ಇ.ಟಿ., ಕೆ-ಸೆಟ್‌ನಂತಹ ಅರ್ಹತೆ ಇದ್ದವರಿಗೆ ತಿಂಗಳಿಗೆ 30,000ದಿಂದ 32,000, ಇಲ್ಲದವರಿಗೆ 26,000ದಿಂದ 28,000 ಎಂದು ನಿಗದಿ ಮಾಡಿದರು. ಒಂದೇ ತರಗತಿ, ಒಂದೇ ಪಾಠ, ಒಂದು ಪರೀಕ್ಷೆಯಿಂದ ಇಷ್ಟು ವ್ಯತ್ಯಾಸ. ಖಾಸಗಿ ಶಾಲೆಗಳಲ್ಲಿ ಬಿ.ಸಿ.ಎ. ಓದಿದವರನ್ನು ಕಂಪ್ಯೂಟರ್ ಶಿಕ್ಷಕಿಯಾಗಿ ತೆಗೆದುಕೊಳ್ಳುವುದುಂಟು. ಅಲ್ಲಿ ಸಂಬಳ ಆಡಳಿತ ಮಂಡಳಿ ಹೇಳಿದ್ದು.

ಹಾಗೆಂದು ಸಣ್ಣ ಕೋರ್ಸುಗಳೆಲ್ಲಾ ವ್ಯರ್ಥವಲ್ಲ. ಟ್ಯಾಲಿ ಕಲಿತ ಹುಡುಗಿಗೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲೋ ಅಂಗಡಿಯಲ್ಲೋ ಲೆಕ್ಕ ಬರೆಯುವ ಕೆಲಸ ಸಿಗಬಹುದು. ಅದು ಮರ್ಯಾದೆಯ ಕೆಲಸವೇ. ಆದರೆ ಅದು ಶಿಕ್ಷಕಿಯ ಅರ್ಹತೆ ಅಲ್ಲ. ಎರಡನ್ನೂ ಕಲಸಬಾರದು.

ಯಾವ ಖರ್ಚಿಗೆ ಯಾವ ಸಾಲ?

ಸಂಘದ ಸಾಲದ ಕಂತು ಮುಂದಿನ ತಿಂಗಳೇ ಶುರುವಾಗುತ್ತದೆ. ಓದಿನ ಫಲ ಬರುವುದು ಏಳೆಂಟು ವರ್ಷಕ್ಕೆ. ಹಸು ತಂದರೆ ಹಾಲು ಮಾರಿ ಕಂತು ಕಟ್ಟುತ್ತೀರಿ, ಓದುವ ಮಗಳಿಂದ ಹಾಗೆ ಆಗುವುದಿಲ್ಲ. ಆದ್ದರಿಂದ ಅರ್ಜಿ, ಪುಸ್ತಕ, ಪರೀಕ್ಷಾ ಶುಲ್ಕದಂತಹ ಸಣ್ಣ ಖರ್ಚಿಗೆ ಮಾತ್ರ ಸಂಘದ ಸಾಲ ಇಟ್ಟುಕೊಳ್ಳಿ. ದೊಡ್ಡ ಖರ್ಚಿಗೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಅದಕ್ಕೂ ಮೊದಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಮಗಳಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಾಗಿರಲಿ.

ದುಡ್ಡು ಕಟ್ಟುವ ಮೊದಲು ಕೇಳಿ

1. ಈ ಕೋರ್ಸು ಯಾವ ವಿಶ್ವವಿದ್ಯಾಲಯದ್ದು? ಬಿ.ಇಡಿ. ಆದರೆ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ ಪತ್ರ ತೋರಿಸುತ್ತೀರಾ?

2. ಬಿ.ಕಾಂ. ಅಥವಾ ಬಿ.ಸಿ.ಎ. ಓದಿದ ನಮ್ಮ ಮಗಳಿಗೆ ನಿಮ್ಮ ಬಿ.ಇಡಿ.ಗೆ ಪ್ರವೇಶ ಇದೆಯೇ? ಅವಳ ವಿಷಯದ ಬೋಧನಾ ವಿಧಾನ ನಿಮ್ಮಲ್ಲಿ ಕಲಿಸುತ್ತೀರಾ? ಉತ್ತರ ಬರವಣಿಗೆಯಲ್ಲಿ ಕೊಡಿ.

3. ಈ ಸರ್ಟಿಫಿಕೇಟು ಯಾವ ಕೆಲಸದ ಅರ್ಜಿಗೆ ನಡೆಯುತ್ತದೆ? ಅಂಥ ಒಂದು ಅಧಿಸೂಚನೆ ತೋರಿಸಿ.

4. ಒಟ್ಟು ಶುಲ್ಕ ಎಷ್ಟು? ರಸೀದಿ ಕೊಡುತ್ತೀರಾ?

ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಮುಂದಿನ ಸಭೆಯಲ್ಲಿ ಯಾರಾದರೂ ಓದಿಗೆ ಸಾಲ ಕೇಳಿದರೆ ಈ ನಾಲ್ಕು ಪ್ರಶ್ನೆಗೆ ಉತ್ತರ ನಡಾವಳಿಯಲ್ಲಿ ಬರೆಯಿಸಿ, ಆಮೇಲೆ ಸಹಿ ಹಾಕಿ. ನಾವೂ ಈಗ ಹಾಗೇ ಮಾಡುತ್ತೇವೆ.

ಹಳೇಬೀಡಿನ ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಒಂದು ವರ್ಷ ಮನೆಯಲ್ಲಿ ಕೂತವಳು ಆಮೇಲೆ ಬಿ.ಕಾಂ. ಸೇರಿದಳು. ಕಂತು ಮುಗಿಯುವ ಹೊತ್ತಿಗೆ ಅವಳಿನ್ನೂ ಡಿಗ್ರಿ ಓದುತ್ತಿದ್ದಳು. ಈಗ ಎಂ.ಕಾಂ. ಎರಡನೇ ವರ್ಷ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬರುತ್ತಾಳೆ. ಭಾನುವಾರ ತಾಯಿಯ ಸಂಘದ ಲೆಕ್ಕ ಅವಳೇ ನೋಡಿಕೊಡುತ್ತಾಳೆ. ಹೋದ ಸಲ ನಾವು ಹೋದಾಗ ಇಬ್ಬರು ಹೊಸ ಸದಸ್ಯೆಯರಿಗೆ ನಗದು ಪುಸ್ತಕ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಒಬ್ಬಾಕೆಗೆ ಎರಡು ಸಲ ಹೇಳಿದರೂ ತಿಳಿಯಲಿಲ್ಲ. ಹುಡುಗಿ ಪುಸ್ತಕ ಮುಚ್ಚಿ, ಪೆಟ್ಟಿಗೆಯಿಂದ ಹಣ ತೆಗೆದು ನೆಲದ ಮೇಲೆ ಎರಡು ಕಡೆ ಇಟ್ಟು ಮೊದಲಿಂದ ಶುರು ಮಾಡಿದಳು. ಆಗ ಆಕೆಗೆ ತಿಳಿಯಿತು.