ಕಲ್ಪಿತ ಲೋಕದ ವಾಣಿಜ್ಯ ಕಾಲುವೆ: ಒಂದು ಔಚಿತ್ಯ ವಿಚಾರ

ಅದ್ಭುತ ಕಥನಗಳಲ್ಲಿ ಕವಿ ತನ್ನದೇ ಆದ ಭೂಪಟವೊಂದನ್ನು ನಿರ್ಮಿಸುತ್ತಾನೆ. ಅಲ್ಲಿ ಎರಡು ಸಮುದ್ರಗಳ ನಡುವೆ ಕಿರಿದಾದ ಭೂಸಂಧಿಯೊಂದಿದ್ದರೆ, ಅದನ್ನು ಸೀಳಿ ಕಾಲುವೆ ತೋಡಿಸುವ ಅರಸನೊಬ್ಬನು ಕಥೆಯಲ್ಲಿ ಬರುವುದು ಸಹಜ. ಇಂತಹ ಕಾಲುವೆ ಆ ಲೋಕದಲ್ಲಿ ಯುಕ್ತವೆನಿಸುತ್ತದೆಯೇ ಎಂಬುದು ಮೇಲುನೋಟಕ್ಕೆ ಎಂಜಿನಿಯರನ ಪ್ರಶ್ನೆ. ವಸ್ತುತಃ ಇದು ಕಾವ್ಯಮೀಮಾಂಸೆಯ ಪ್ರಶ್ನೆಯೂ ಹೌದು. ಕ್ಷೇಮೇಂದ್ರನು ಔಚಿತ್ಯವನ್ನು ವಿವೇಚಿಸುವಾಗ ದೇಶ, ಕಾಲಗಳನ್ನೂ ಅದರ ನೆಲೆಗಳಲ್ಲಿ ಸೇರಿಸಿದ್ದಾನೆ. ಕಲ್ಪಿತ ದೇಶಕ್ಕೂ ಅದರದೇ ಆದ ಔಚಿತ್ಯವಿರಬೇಕು. ಅದನ್ನು ಪರೀಕ್ಷಿಸಲು ಚರಿತ್ರೆಯ ಕಾಲುವೆಗಳೇ ನಮಗಿರುವ ಒರೆಗಲ್ಲು.

ಮೊದಲು ಗಮನಿಸಬೇಕಾದದ್ದು ಸರಕಿನ ಸ್ವರೂಪ. ಮುತ್ತು, ಕರ್ಪೂರ, ರೇಷ್ಮೆಗಳಂತಹ ಹಗುರವಾದ, ಬೆಲೆಬಾಳುವ ವಸ್ತುಗಳಿಗೆ ಕಾಲುವೆ ಅನಿವಾರ್ಯವಲ್ಲ. ಹೇರೆತ್ತಿನ ಬೆನ್ನಿನ ಮೇಲೆ ಅವು ಘಟ್ಟ ದಾಟಬಲ್ಲವು. ಧಾನ್ಯ, ಉಪ್ಪು, ಕಲ್ಲಿದ್ದಲು, ಮರಮುಟ್ಟುಗಳ ವಿಷಯ ಬೇರೆ. ರಸ್ತೆಯಲ್ಲಿ ಒಂದೆರಡು ಟನ್ ಎಳೆಯುವ ಕುದುರೆ, ಕಾಲುವೆಯ ದಂಡೆಯಲ್ಲಿ ನಡೆಯುತ್ತ ಸುಮಾರು 30 ಟನ್ ತುಂಬಿದ ದೋಣಿಯನ್ನು ಎಳೆಯಬಲ್ಲದು. ಇಂಗ್ಲೆಂಡಿನಲ್ಲಿ 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದ ಮೇಲೆ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧದಷ್ಟು ಇಳಿಯಿತು. ಆದ್ದರಿಂದ ಕಲ್ಪಿತ ಲೋಕದಲ್ಲಿ ಮಂತ್ರಶಕ್ತಿಯಿದ್ದರೆ ಅದರ ಬೆಲೆಯನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ಧಾನ್ಯದ ಕಣಜವನ್ನೇ ಕ್ಷಣದಲ್ಲಿ ಬೇರೆಡೆಗೆ ಒಯ್ಯುವ ಮಾಂತ್ರಿಕರು ಊರೂರಿಗೂ ಇದ್ದರೆ ಕಾಲುವೆ ನಿರರ್ಥಕ. ಅಂಥವರು ವಿರಳವಾಗಿದ್ದು, ಅವರ ವಿದ್ಯೆ ಅರಸರ ರತ್ನಗಳಿಗೆ, ಪತ್ರಗಳಿಗೆ ಮಾತ್ರ ಒದಗುವಂತಿದ್ದರೆ ಜನಸಾಮಾನ್ಯರ ಅಕ್ಕಿ ಉಪ್ಪುಗಳಿಗೆ ಕಾಲುವೆಯೇ ಗತಿ.

ಎರಡನೆಯದು ದೂರ ಮತ್ತು ಗಾಳಿ. 1869ರ ನವೆಂಬರ್ 17ರಂದು ತೆರೆದ ಸೂಯೆಜ್ ಕಾಲುವೆ ಆಫ್ರಿಕಾವನ್ನು ಸುತ್ತುವ ಪಯಣವನ್ನು ತಪ್ಪಿಸಿ ಮುಂಬಯಿ–ಲಂಡನ್ ಮಾರ್ಗವನ್ನು ಶೇಕಡಾ 40ರಷ್ಟು ತಗ್ಗಿಸಿತು. ಆದರೆ ಈ ಲಾಭ ಎಲ್ಲ ಹಡಗುಗಳಿಗೂ ಸಮನಾಗಿ ದೊರೆಯಲಿಲ್ಲ. ಕೆಂಪು ಸಮುದ್ರದ ಪ್ರತಿಕೂಲ ಗಾಳಿಯಿಂದಾಗಿ ಹಾಯಿಹಡಗುಗಳಿಗೆ ಹಳೆಯ ದಾರಿಯೇ ಅನುಕೂಲವಾಗಿತ್ತು. ಹೊಸ ದಾರಿ ಫಲಿಸಿದ್ದು ಉಗಿಹಡಗುಗಳಿಗೆ. ಭೂಪಟದಲ್ಲಿ ಹತ್ತಿರವಾದದ್ದು ನಾವಿಕನಿಗೂ ಹತ್ತಿರವಾಗಬೇಕೆಂದಿಲ್ಲ. ಹಾಯಿಹಡಗುಗಳ ಲೋಕವನ್ನು ಕಲ್ಪಿಸುವವನು ಆ ಲೋಕದ ಮಾರುತಗಳನ್ನೂ ಕಲ್ಪಿಸಬೇಕು.

ಮೂರನೆಯದು ನೆಲದ ಮಟ್ಟ ಮತ್ತು ನೀರು. ಸೂಯೆಜ್ ಪ್ರದೇಶ ಬಹುಮಟ್ಟಿಗೆ ಸಮತಟ್ಟು. ಎರಡೂ ಸಮುದ್ರಗಳ ಮಟ್ಟದಲ್ಲಿ ಹೆಚ್ಚಿನ ಅಂತರವಿಲ್ಲ. ಅಲ್ಲಿ ಯಶಸ್ವಿಯಾದ ಫರ್ಡಿನಾಂಡ್ ದ ಲೆಸೆಪ್ಸ್ ಅದೇ ವಿಧಾನವನ್ನು ಪನಾಮಾದ ಗುಡ್ಡಗಾಡಿನಲ್ಲಿ ಅನುಸರಿಸಲು ಹೊರಟನು. 1881ರಲ್ಲಿ ಆರಂಭವಾದ ಆ ಯತ್ನ, ಭೂಕುಸಿತ, ಮಲೇರಿಯಾ, ಹಳದಿ ಜ್ವರಗಳಿಗೆ ಸಿಲುಕಿ, ಸುಮಾರು 20 ಸಾವಿರ ಜನರ ಪ್ರಾಣವನ್ನು ಬಲಿತೆಗೆದುಕೊಂಡು, 1889ರಲ್ಲಿ ಕುಸಿಯಿತು. ಅನಂತರ ಅಮೆರಿಕದವರು 1914ರಲ್ಲಿ ಪೂರ್ಣಗೊಳಿಸಿದ ಕಾಲುವೆ ಹಡಗುಗಳನ್ನು ಜಲದ್ವಾರಗಳ ಮೂಲಕ ಸಮುದ್ರಮಟ್ಟದಿಂದ 26 ಮೀಟರ್ ಮೇಲಕ್ಕೆತ್ತಿ ಇಳಿಸುತ್ತದೆ. ಇದಕ್ಕೆ ಬೇಕಾದ ಸಿಹಿನೀರು ಗಾಟುನ್ ಸರೋವರದಿಂದ ಒದಗಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಹಡಗುಗಳ ಸಂಖ್ಯೆಯನ್ನೇ ಮಿತಗೊಳಿಸಬೇಕಾಯಿತು. ಬೆಟ್ಟವನ್ನು ಹತ್ತುವ ಕಾಲುವೆಗೆ ನೆತ್ತಿಯ ಮೇಲೊಂದು ಕೆರೆ ಬೇಕೇ ಬೇಕು ಎಂಬುದನ್ನು ಫ್ರಾನ್ಸಿನ ರಿಕೆ 17ನೆಯ ಶತಮಾನದಲ್ಲಿಯೇ ಮನಗಂಡಿದ್ದನು. 1681ರಲ್ಲಿ ತೆರೆದ ಮಿಡಿ ಕಾಲುವೆಗೆ ಅವನು ಬೆಟ್ಟಗಳ ತೊರೆಗಳನ್ನು ಜಲಾಶಯದಲ್ಲಿ ಕೂಡಿಹಾಕಿ ನೀರುಣಿಸಿದನು.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ತೋಡುವವರು ಯಾರು, ಫಲ ಉಣ್ಣುವವರು ಯಾರು? ಸೂಯೆಜ್ ಕಾಲುವೆಯ ಮೊದಲ ವರ್ಷಗಳ ಅಗೆತ ಈಜಿಪ್ಟಿನ ರೈತರ ಬಿಟ್ಟಿ ದುಡಿಮೆಯಿಂದ ನಡೆಯಿತು. ಸಾಲದಲ್ಲಿ ಮುಳುಗಿದ ಈಜಿಪ್ಟಿನ ಅರಸನು 1875ರಲ್ಲಿ ತನ್ನ ಪಾಲಿನ ಷೇರುಗಳನ್ನು ಬ್ರಿಟನ್ನಿಗೆ ಮಾರಿದನು. 1882ರಲ್ಲಿ ದೇಶವೇ ಬ್ರಿಟಿಷರ ವಶವಾಯಿತು. ಅರಸನ ಹಿರಿಮೆಗೆಂದು ತೋಡಿದ ಕಾಲುವೆ ಪರರಿಗೆ ಹೆಬ್ಬಾಗಿಲಾಯಿತು. ಚೀನಾದಲ್ಲಿ ಸುಯಿ ವಂಶದ ಯಾಂಗ್ ಚಕ್ರವರ್ತಿಯು 7ನೆಯ ಶತಮಾನದ ಆದಿಯಲ್ಲಿ ಮಹಾಕಾಲುವೆಯನ್ನು ಬೆಸೆದನು. ದಕ್ಷಿಣದ ಧಾನ್ಯ ಉತ್ತರಕ್ಕೆ ಶತಮಾನಗಳ ಕಾಲ ಹರಿದದ್ದು ನಿಜ. ಆದರೆ ಆ ನಿರ್ಮಾಣದ ಹಾಗೂ ಅವನ ಯುದ್ಧಗಳ ಭಾರಕ್ಕೆ ಪ್ರಜೆಗಳು ದಂಗೆಯೆದ್ದರು. 618ರಲ್ಲಿ ವಂಶವೇ ಅಳಿಯಿತು. ಫಲ ದೊರೆತದ್ದು ಮುಂದಿನವರಿಗೆ.

ಎಲ್ಲ ಭೂಸಂಧಿಗಳೂ ಕಾಲುವೆಯನ್ನು ಬೇಡುವುದಿಲ್ಲ. ಗ್ರೀಸಿನ ಕಾರಿಂತ್‌ನಲ್ಲಿ ಪ್ರಾಚೀನರು ನೆಲದ ಮೇಲೆ ಕಲ್ಲುಹಾಸಿನ ದಾರಿ ಮಾಡಿ ದೋಣಿ, ಸರಕುಗಳನ್ನು ಎಳೆದೊಯ್ಯುತ್ತಿದ್ದರು. 1893ರಲ್ಲಿ ಅಲ್ಲಿ 6 ಕಿಲೋಮೀಟರಿನಷ್ಟು ಕಾಲುವೆ ಸಿದ್ಧವಾಯಿತಾದರೂ, ಇಕ್ಕಟ್ಟು ಮತ್ತು ಭೂಕುಸಿತಗಳಿಂದಾಗಿ ನಿರೀಕ್ಷಿಸಿದ ಹಡಗುಗಳು ಬರಲಿಲ್ಲ.

ನಮ್ಮ ನೆರೆಯ ಎರಡು ನಿದರ್ಶನಗಳು ಇಲ್ಲಿ ಉಲ್ಲೇಖಾರ್ಹ. ತುಂಗಭದ್ರೆಗೆ ಸುಂಕೇಸುಲದಲ್ಲಿ ಅಡ್ಡಗಟ್ಟೆ ಕಟ್ಟಿ 19ನೆಯ ಶತಮಾನದಲ್ಲಿ ಖಾಸಗಿ ಕಂಪನಿಯೊಂದು ತೋಡಿದ ಕರ್ನೂಲು–ಕಡಪ ಕಾಲುವೆ ನೀರಾವರಿಗೂ ದೋಣಿ ಸಂಚಾರಕ್ಕೂ ಉದ್ದೇಶಿತವಾಗಿತ್ತು. ಎರೆಮಣ್ಣಿನ ರೈತರು ನಿರೀಕ್ಷಿಸಿದಷ್ಟು ನೀರು ಕೊಳ್ಳಲಿಲ್ಲ; ಸರಕು ಸಾಗಣೆಯೂ ಬೆಳೆಯಲಿಲ್ಲ; 1882ರಲ್ಲಿ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಚೆನ್ನೈ ಕನ್ನಡಿಗರು ನಿತ್ಯ ಕಾಣುವ ಬಕಿಂಗ್‌ಹ್ಯಾಮ್ ಕಾಲುವೆಯ ಕಥೆ ಬೇರೆ. 1806ರಲ್ಲಿ ಎಣ್ಣೂರಿನ ಕಡೆಗೆ ಆರಂಭವಾದ ಇದು ಕರಾವಳಿಯುದ್ದಕ್ಕೂ ಬೆಳೆಯಿತು. ನಗರದೊಳಗೆ ಅಡ್ಯಾರು, ಕೂವಂ ನದಿಗಳನ್ನು ಕೂಡಿಸುವ ಭಾಗವನ್ನು 1876–78ರ ಮಹಾಕ್ಷಾಮದ ದಿನಗಳಲ್ಲಿ ಹಸಿದವರ ಕೂಲಿಯಿಂದ ತೋಡಲಾಯಿತು. ಉಪ್ಪು, ಸೌದೆ, ಧಾನ್ಯಗಳು ಇದರಲ್ಲಿ ಸಾಗಿದವು. ಮುಂದೆ ರೈಲು, ಲಾರಿಗಳ ಪೈಪೋಟಿಯೂ 1965 ಮತ್ತು 1966ರ ಚಂಡಮಾರುತಗಳೂ ಅದನ್ನು ಕುಗ್ಗಿಸಿದವು. ಇಂದು ನಗರ ರೈಲುಮಾರ್ಗದ ಕಂಬಗಳು ಅದರ ಪಾತ್ರದಲ್ಲೇ ನಿಂತಿವೆ.

ಒಟ್ಟಿನಲ್ಲಿ, ಭಾರವಾದ ಸರಕು, ಅನುಕೂಲವಾದ ಗಾಳಿ, ನೆತ್ತಿಯ ನೀರು, ಹೊರೆಯನ್ನು ತಾಳಬಲ್ಲ ಬೊಕ್ಕಸ ಇಷ್ಟೂ ಕೂಡಿಬಂದರೆ ಕಲ್ಪಿತ ಲೋಕದ ಕಾಲುವೆ ಯುಕ್ತವೆನ್ನಬಹುದು. ಇವುಗಳಲ್ಲಿ ಒಂದು ಕೊರತೆಯಾದರೂ ಕಥೆ ಕೆಡುವುದಿಲ್ಲ; ಆ ಕೊರತೆಯ ಫಲವನ್ನು ಕವಿ ಕಾಣದಿದ್ದರೆ ಮಾತ್ರ ಕೆಡುತ್ತದೆ. ವಿಫಲವಾದ ಕಾಲುವೆಯಲ್ಲಿಯೂ ಕಾವ್ಯವಸ್ತು ಉಂಟು. ಹೊಸ ದಾರಿಯಿಂದ ಕೂಲಿ ಕಳೆದುಕೊಂಡ ಹೊರೆಯಾಳುಗಳು, ದಂಡೆಯಲ್ಲಿ ಬೀಡುಬಿಟ್ಟ ಪರಭಾಷೆಯ ವರ್ತಕರು, ಸುಂಕದ ಕಟ್ಟೆಗಳು, ಹೂಳೆತ್ತುವವರು—ಇವರೆಲ್ಲ ಕಾಲುವೆಯೊಡನೆ ಹುಟ್ಟುವ ಪಾತ್ರಗಳು. ಕಲ್ಪನೆಯ ಭೂಪಟದಲ್ಲಿ ಒಂದು ಗೆರೆ ಎಳೆಯುವುದು ಸುಲಭ. ಆ ಗೆರೆಯನ್ನು ಗುದ್ದಲಿಯಿಂದ ತೋಡಿದವರ ಬದುಕಿಗೂ ಕೃತಿಯಲ್ಲಿ ಎಡೆ ದೊರೆತಾಗಲೇ ಅದ್ಭುತ ಕಥನ ಲೋಕಾನುಭವಕ್ಕೆ ಹತ್ತಿರವಾಗುತ್ತದೆ. ಈ ದೃಷ್ಟಿಯಿಂದ ಕನ್ನಡದ ಕಿರಿಯ ಲೇಖಕರೂ ಸಂಶೋಧನ ವಿದ್ಯಾರ್ಥಿಗಳೂ ವಾಣಿಜ್ಯ ಮಾರ್ಗಗಳ ಚರಿತ್ರೆಯನ್ನು ಅಭ್ಯಸಿಸುವುದು ಅವಶ್ಯಕ.