ಎರಡು ಹಾಕಿದರೆ ಮೂರು: ಕಾರ್ಖಾನೆ ಆಟದ ರೆಸಿಪಿಯಲ್ಲಿ ಸೋರುವ ಲೆಕ್ಕ

ಕಾರ್ಖಾನೆ ಕಟ್ಟುವ ವಿಡಿಯೊ ಆಟಗಳಲ್ಲಿ ಪ್ರತಿ ಯಂತ್ರವೂ ಒಂದು ರೆಸಿಪಿಯನ್ನು ಹಿಡಿದು ನಡೆಯುತ್ತದೆ. ಅಡುಗೆಯ ರೆಸಿಪಿಯಂತೆ ಇದರಲ್ಲೂ ಇರುವುದು ಮೂರೇ ಬಾಬತ್ತು: ಏನೇನು ಎಷ್ಟೆಷ್ಟು ಹಾಕಬೇಕು, ಎಷ್ಟು ಹೊತ್ತು ಬೇಕು, ಕೊನೆಗೆ ಏನು ಎಷ್ಟು ಬರುತ್ತದೆ. ಈ ಬಗೆಯ ಆಟಗಳಲ್ಲಿ ಹೆಸರಾದದ್ದು ಫ್ಯಾಕ್ಟೋರಿಯೊ. ಜೆಕ್ ಗಣರಾಜ್ಯದ ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ಇದನ್ನು 2016ರಲ್ಲಿ ಸ್ಟೀಮ್ ಮಳಿಗೆಗೆ ತಂದಿತು. ಪೂರ್ಣ ಆವೃತ್ತಿ 2020ರ ಆಗಸ್ಟ್‌ನಲ್ಲಿ ಹೊರಬಂತು. ಕೈಯಿಂದ ಅದಿರು ಅಗೆಯುವಲ್ಲಿ ಆಟ ಶುರುವಾಗುತ್ತದೆ, ರಾಕೆಟ್ ಹಾರಿಸುವ ಮಟ್ಟಕ್ಕೆ ಬೆಳೆಯುತ್ತದೆ. ನಡುವಿನ ಹಾದಿಯೆಲ್ಲ ರೆಸಿಪಿಗಳ ಸರಪಳಿ.

ಆ ಸರಪಳಿಯ ಮೊದಲ ಕೊಂಡಿಗಳು ಸರಳ. ಎರಡು ಕಬ್ಬಿಣದ ತಗಡು ಹಾಕಿದರೆ ಒಂದು ಗಿಯರ್ ಚಕ್ರ. ಒಂದು ತಾಮ್ರದ ತಗಡಿಗೆ ಎರಡು ತಂತಿ. ಮೂರು ತಂತಿಗೆ ಒಂದು ಕಬ್ಬಿಣದ ತಗಡು ಸೇರಿದರೆ ಒಂದು ಎಲೆಕ್ಟ್ರಾನಿಕ್ ಸರ್ಕ್ಯೂಟ್. ಮೂರಕ್ಕೂ ಹಿಡಿಯುವ ಹೊತ್ತು ತಲಾ ಅರ್ಧ ಸೆಕೆಂಡು. ಹಾಗಾಗಿ ತಂತಿಯ ಯಂತ್ರವೊಂದು ಸೆಕೆಂಡಿಗೆ ನಾಲ್ಕು ತಂತಿ ಕೊಟ್ಟರೆ, ಸರ್ಕ್ಯೂಟಿನ ಯಂತ್ರವೊಂದು ಸೆಕೆಂಡಿಗೆ ಆರು ತಂತಿ ನುಂಗುತ್ತದೆ. ಎರಡು ಸರ್ಕ್ಯೂಟ್ ಯಂತ್ರಕ್ಕೆ ಮೂರು ತಂತಿ ಯಂತ್ರ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಆಟದ ರುಚಿ ಇರುವುದೇ ಈ ಲೆಕ್ಕ ಹೊಂದಿಸುವುದರಲ್ಲಿ. ರೆಸಿಪಿಯಲ್ಲಿ ಒಂದು ಅಂಕಿ ತಪ್ಪಿದರೆ ಅದರ ಮೇಲೆ ನಿಂತ ಇಡೀ ಕಾರ್ಖಾನೆಯ ಲೆಕ್ಕವೇ ತಪ್ಪುತ್ತದೆ.

ಗಿರಣಿಯ ತೂಕ, ಆಟದ ತೂಕ

ರೆಸಿಪಿ ನಿಜವಾದ ಯಂತ್ರಗಳಿಗೂ ಉಂಟು. ಕಾವೇರಿ ನಾಲೆಗಳ ನೀರಿನಲ್ಲಿ ಭತ್ತ ಬೆಳೆಯುವ ಕೆ.ಆರ್. ನಗರ ಸೀಮೆಯ ಮಿರ್ಲೆಯಂಥ ಊರುಗಳಿಂದ ಹೋಗುವ ಫಸಲು ಅಕ್ಕಿ ಗಿರಣಿಯಲ್ಲಿ ಒಂದು ರೆಸಿಪಿಯನ್ನೇ ದಾಟುತ್ತದೆ. ಸರ್ಕಾರ ಖರೀದಿಸಿದ ಭತ್ತವನ್ನು ಗಿರಣಿಗೆ ಕೊಟ್ಟಾಗ 100 ಕಿಲೊಗೆ 67 ಕಿಲೊ ಅಕ್ಕಿ, ಕುಸುಬಲಕ್ಕಿಯಾದರೆ 68 ಕಿಲೊ ಹಿಂತಿರುಗಿಸಬೇಕೆಂಬುದು ಮಾಮೂಲಿ ನಿಯಮ. ಉಳಿದದ್ದು ಮಾಯವಾಗುವುದಿಲ್ಲ. ಸುಮಾರು 20 ಕಿಲೊ ಹೊಟ್ಟು, ಅದರ ಜೊತೆಗೆ ತೌಡು, ಧೂಳು, ಆರಿದ ತೇವ, ಇವೆಲ್ಲ ಕೂಡಿದರೆ ಮತ್ತೆ 100 ಕಿಲೊ. ಆಲೆಮನೆಯಲ್ಲಿ 100 ಕಿಲೊ ಕಬ್ಬಿಗೆ ಹತ್ತು ಕಿಲೊ ಆಸುಪಾಸಿನ ಬೆಲ್ಲ ಬರುತ್ತದೆ. ಮಿಕ್ಕದ್ದು ಸಿಪ್ಪೆಯಾಗಿ ಒಲೆ ಸೇರುತ್ತದೆ, ಮಡ್ಡಿಯಾಗಿ ಹೊರಹೋಗುತ್ತದೆ, ಕೊಪ್ಪರಿಗೆಯಿಂದ ಆವಿಯಾಗುತ್ತದೆ. ಹಾಕಿದ ತೂಕಕ್ಕಿಂತ ಹೆಚ್ಚು ಬೆಲ್ಲ ತೆಗೆದ ಆಲೆಮನೆ ಎಲ್ಲೂ ಇಲ್ಲ. ಫ್ರಾನ್ಸಿನ ಲಾವೋಸಿಯೆ 1789ರ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಪದಾರ್ಥ ರೂಪ ಬದಲಿಸುತ್ತದೆ, ತೂಕ ಉಳಿಯುತ್ತದೆ.

ಆಟದ ಯಂತ್ರಕ್ಕೆ ಈ ಕಟ್ಟಳೆ ಇಲ್ಲ. ಎರಡು ತಗಡಿಗೆ ಒಂದು ಗಿಯರ್ ಬರುವುದು ರೆಸಿಪಿ ಬರೆದವರು ಹಾಗೆ ಬರೆದ ಕಾರಣಕ್ಕೆ. ಒಂದು ತಗಡಿಗೆ ನೂರು ಗಿಯರ್ ಎಂದು ಬರೆದರೂ ಯಂತ್ರ ತಕರಾರಿಲ್ಲದೆ ನೂರು ಕೊಡುತ್ತದೆ. ಗಿರಣಿಯಲ್ಲಿ ಪ್ರಕೃತಿಯೇ ತಕ್ಕಡಿ ಹಿಡಿದಿರುತ್ತದೆ. ಆಟದಲ್ಲಿ ತಕ್ಕಡಿ ಹಿಡಿಯಬೇಕಾದವರು ಬರೆದವರೇ. ಮೂಲ ಆಟವನ್ನು ಒಂದೇ ತಂಡ ಬರೆಯುವುದರಿಂದ ಅಲ್ಲಿ ಲೆಕ್ಕ ಬಹುಪಾಲು ಕೂಡಿಬರುತ್ತದೆ. ತೊಡಕು ಹುಟ್ಟುವುದು ಮಾಡ್‌ಗಳು ಬಂದಾಗ.

ಮೂರು ಸುತ್ತಿನ ಬರವಣಿಗೆ

ಮಾಡ್ ಎಂದರೆ ಆಟಗಾರರೇ ಬರೆದು ಮೂಲ ಆಟಕ್ಕೆ ಸೇರಿಸುವ ತುಣುಕು. ಫ್ಯಾಕ್ಟೋರಿಯೊದ ಮಾಡ್‌ಗಳನ್ನು ಬರೆಯುವುದು ಲುವಾ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಇದು 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ.

ಆಟ ತೆರೆಯುವಾಗ ಎಲ್ಲ ವಸ್ತುಗಳೂ ರೆಸಿಪಿಗಳೂ ಒಂದೇ ದೊಡ್ಡ ಪಟ್ಟಿಯಲ್ಲಿ ಸೇರುತ್ತವೆ. ಪಟ್ಟಿ ತುಂಬುವುದು ಮೂರು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಪ್ರತಿ ಮಾಡ್ ತನ್ನ ಹೊಸ ವಸ್ತುಗಳನ್ನು ಬರೆಯುತ್ತದೆ. ಎರಡನೆಯದರಲ್ಲಿ ಇತರರು ಬರೆದದ್ದನ್ನು ನೋಡಿ ತಿದ್ದುತ್ತದೆ. ಮೂರನೆಯದು ಕೊನೆಯ ತಿದ್ದುಪಡಿಯ ಸುತ್ತು. ಒಂದು ಸುತ್ತನ್ನು ಎಲ್ಲ ಮಾಡ್‌ಗಳೂ ಮುಗಿಸಿದ ಮೇಲೆಯೇ ಮುಂದಿನ ಸುತ್ತು. ಒಂದೇ ಸುತ್ತಿನೊಳಗೆ ಯಾರು ಮೊದಲು ಎಂಬುದನ್ನು, ಯಾವ ಮಾಡ್ ಯಾವುದನ್ನು ಅವಲಂಬಿಸಿದೆ ಎಂಬ ಘೋಷಣೆ ತೀರ್ಮಾನಿಸುತ್ತದೆ. ಪಟ್ಟಿಯ ಮೇಲೆ ಯಾರ ಬೀಗವೂ ಇಲ್ಲ. ಒಬ್ಬರು ಬರೆದ ರೆಸಿಪಿಯನ್ನು ಇನ್ನೊಬ್ಬರು ಹೊಡೆದುಹಾಕಿ ಬೇರೆ ಅಂಕಿ ಬರೆಯಬಹುದು.

ಇದರಿಂದ ಹುಟ್ಟುವ ದೋಷಗಳಲ್ಲಿ ಕೆಲವು ತಾವಾಗಿಯೇ ಸಿಕ್ಕಿಬೀಳುತ್ತವೆ. ಪಟ್ಟಿಯಲ್ಲೇ ಇಲ್ಲದ ವಸ್ತುವನ್ನು ರೆಸಿಪಿ ಕೇಳಿದರೆ ಆಟ ತೆರೆಯುವುದೇ ಇಲ್ಲ. ಯಾವ ರೆಸಿಪಿ, ಯಾವ ಹೆಸರು ಎಂದು ತೋರಿಸಿ ನಿಲ್ಲುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ರೆಸಿಪಿ ಬರೆಯುವ ವಿಧಾನವೇ ಕೊಂಚ ಬದಲಾದಾಗ ಹಳೆಯ ವಿಧಾನದ ಮಾಡ್‌ಗಳು ಹೀಗೆಯೇ ಬಾಗಿಲಲ್ಲಿ ನಿಂತವು.

ಇನ್ನು ಕೆಲವು ಆಟದ ನಡುವೆ ಎದುರಾಗುತ್ತವೆ. ರೆಸಿಪಿ ಪಟ್ಟಿಯಲ್ಲಿ ಇರುತ್ತದೆ, ಆದರೆ ಅದನ್ನು ತೆರೆದುಕೊಡುವ ಸಂಶೋಧನೆಯೇ ಇರುವುದಿಲ್ಲ. ಇಲ್ಲವೇ ಯಂತ್ರ ಮಾಡಲು ಮೋಟಾರು ಬೇಕು, ಆ ಮೋಟಾರು ಅದೇ ಯಂತ್ರದಲ್ಲಿ ಮಾತ್ರ ತಯಾರಾಗಬೇಕು ಎಂಬ ಗಂಟು ಬೀಳುತ್ತದೆ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ ಇದು. ಕಾರ್ಖಾನೆ ನಿಂತುಹೋಗುವುದರಿಂದ ಇಂಥ ದೋಷ ಆಟಗಾರರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಕಣ್ಣಿಗೆ ಬೀಳದೆ ಉಳಿಯುವುದು ಕಾರ್ಖಾನೆಯನ್ನು ನಿಲ್ಲಿಸದ ದೋಷ. ಅದರಲ್ಲಿ ಬೆಲ್ಟ್‌ಗಳೆಲ್ಲ ಓಡುತ್ತವೆ, ಯಂತ್ರಗಳೆಲ್ಲ ತಿರುಗುತ್ತವೆ, ಗಣಿ ಮುಚ್ಚಿದರೂ ತಗಡು ಹೆಚ್ಚುತ್ತಲೇ ಹೋಗುತ್ತದೆ.

ಗುಜರಿ ಯಂತ್ರದ ಸೋರಿಕೆ

ಇದಕ್ಕೆ ಒಳ್ಳೆಯ ನಿದರ್ಶನ ರೀಸೈಕ್ಲರ್, ಅಂದರೆ ಗುಜರಿ ಯಂತ್ರ. 2024ರ ಅಕ್ಟೋಬರ್ 21ರಂದು ಬಿಡುಗಡೆಯಾದ ಸ್ಪೇಸ್ ಏಜ್ ವಿಸ್ತರಣೆಯೊಂದಿಗೆ ಇದು ಆಟಕ್ಕೆ ಬಂತು. ತಯಾರಾದ ವಸ್ತುವನ್ನು ಇದಕ್ಕೆ ಹಾಕಿದರೆ ಅದನ್ನು ಬಿಡಿಸಿ, ಮೂಲ ಸಾಮಗ್ರಿಯ ಕಾಲುಭಾಗವನ್ನು ಹಿಂದಿರುಗಿಸುತ್ತದೆ. ಈ ಯಂತ್ರದ ರೆಸಿಪಿಗಳನ್ನು ಒಂದೊಂದಾಗಿ ಯಾರೂ ಕೈಯಿಂದ ಬರೆದಿಲ್ಲ. ಪ್ರತಿ ವಸ್ತುವಿನ ತಯಾರಿಕೆಯ ರೆಸಿಪಿಯನ್ನು ಓದಿ, ನಾಲ್ಕರಿಂದ ಭಾಗಿಸಿ, ಆಟವೇ ಅವನ್ನು ಹುಟ್ಟಿಸುತ್ತದೆ. ಹುಟ್ಟಿಸುವುದು ಎರಡನೆಯ ಸುತ್ತಿನಲ್ಲಿ.

ಈಗ 12 ತಗಡು ಬೇಡುವ ಒಂದು ವಸ್ತುವನ್ನು ಊಹಿಸಿಕೊಳ್ಳಬಹುದು. ಎರಡನೆಯ ಸುತ್ತಿನಲ್ಲಿ ಅದರ ಗುಜರಿ ರೆಸಿಪಿ ಹುಟ್ಟುತ್ತದೆ: ಒಂದು ವಸ್ತುವಿಗೆ ಮೂರು ತಗಡು. ಆಟವನ್ನು ಹಗುರಗೊಳಿಸುವ ಉದ್ದೇಶದ ಒಂದು ಮಾಡ್ ಮೂರನೆಯ ಸುತ್ತಿನಲ್ಲಿ ಬಂದು ಆ 12 ಅನ್ನು 2 ಎಂದು ತಿದ್ದುತ್ತದೆ. ಗುಜರಿ ರೆಸಿಪಿಗೆ ಈ ಸುದ್ದಿ ತಲುಪುವುದಿಲ್ಲ. ಅದರಲ್ಲಿ ಮೂರು ಮೂರಾಗಿಯೇ ಉಳಿಯುತ್ತದೆ. ಎರಡು ತಗಡು ಹಾಕಿ ವಸ್ತು ಮಾಡುವುದು, ಅದನ್ನು ಗುಜರಿಗೆ ಹಾಕಿ ಮೂರು ತಗಡು ಪಡೆಯುವುದು. ಹೀಗೆ ಮಾಡಿ ಬಿಡಿಸಿದ ಪ್ರತಿ ಸಲಕ್ಕೆ ಒಂದೂವರೆ ಪಟ್ಟು. ಹತ್ತು ಸಲಕ್ಕೆ ಸುಮಾರು 58 ಪಟ್ಟು. ನೂರು ತಗಡು ಐದು ಸಾವಿರ ದಾಟುತ್ತದೆ. ಬಡ್ಡಿಗೆ ಬಡ್ಡಿ ಬೆಳೆದಂತೆ ಬೆಳೆಯುವ ಈ ಮೊತ್ತಕ್ಕೆ ಕಡಿವಾಣ ಯಂತ್ರಗಳ ವೇಗವೊಂದೇ. ಇರುವ ಯಂತ್ರಗಳೆಲ್ಲ ಪೂರ್ತಿ ದುಡಿಯತೊಡಗಿದ ಮೇಲೆ ಗಳಿಕೆ ಒಂದೇ ಹದದಲ್ಲಿ ಸಾಗುತ್ತದೆ, ನಿಲ್ಲುವುದಂತೂ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಇಲ್ಲಿ ಎರಡೂ ಕಡೆಯ ಬರಹ ಸರಿಯೇ. ತಪ್ಪು ಇರುವುದು ಬರೆದ ಅನುಕ್ರಮದಲ್ಲಿ.

ಹೆಪ್ಪಿಗೆ ಇಳುವರಿ ಇಲ್ಲ

ಸೋರಿಕೆಯ ಇನ್ನೊಂದು ದಾರಿ ಇಳುವರಿ ಮಾಡ್ಯೂಲ್. ಯಂತ್ರಕ್ಕೆ ಇದನ್ನು ತೊಡಿಸಿದರೆ ಅದೇ ಸಾಮಗ್ರಿಗೆ ತುಸು ಹೆಚ್ಚು ಉತ್ಪನ್ನ ಬರುತ್ತದೆ. ಮೂರನೆಯ ದರ್ಜೆಯ ಒಂದು ಮಾಡ್ಯೂಲಿಗೆ ಶೇ 10 ಹೆಚ್ಚುವರಿ. ಮೂಲ ಆಟದ ಯುರೇನಿಯಂ ಸಮೃದ್ಧಗೊಳಿಸುವ ರೆಸಿಪಿಯಲ್ಲಿ 40 ಯುರೇನಿಯಂ-235 ಮತ್ತು 5 ಯುರೇನಿಯಂ-238 ಹಾಕಿದರೆ 41 ಯುರೇನಿಯಂ-235 ಮತ್ತು 2 ಯುರೇನಿಯಂ-238 ಬರುತ್ತವೆ. ನಿಜವಾದ ಗಳಿಕೆ ಒಂದೇ ಒಂದು. ಉಳಿದ 40 ಹಾಕಿದ್ದೇ ಮರಳಿ ಬಂದದ್ದು. ಹಾಲಿಗೆ ಬಿಟ್ಟ ಹೆಪ್ಪಿನಂತೆ ಅದು ಮರುದಿನಕ್ಕೆ ಎತ್ತಿಟ್ಟುಕೊಳ್ಳುವ ಪಾಲು. ಶೇ 10ರ ಹೆಚ್ಚುವರಿಯನ್ನು ಇಡೀ 41ಕ್ಕೆ ಕೊಟ್ಟರೆ 4.1 ಸಿಗುತ್ತದೆ, ಅಂದರೆ ನಿಜವಾದ ಗಳಿಕೆಯ ನಾಲ್ಕು ಪಟ್ಟಿಗೂ ಹೆಚ್ಚು ಪುಕ್ಕಟೆ. ಅದಕ್ಕಾಗಿ ರೆಸಿಪಿಯಲ್ಲಿ, ಈ 40ಕ್ಕೆ ಇಳುವರಿ ಅನ್ವಯಿಸದು ಎಂದು ಬೇರೆಯಾಗಿಯೇ ನಮೂದಿಸುವ ಏರ್ಪಾಡಿದೆ.

ಮಾಡ್ ಬರೆಯುವವರು ಮರೆಯುವುದು ಈ ನಮೂದನ್ನೇ. ಪೀಪಾಯಿ ಇದಕ್ಕೆ ಸರಳ ಉದಾಹರಣೆ. ಖಾಲಿ ಪೀಪಾಯಿಗೆ 50 ಪಾಲು ಎಣ್ಣೆ ತುಂಬಬಹುದು, ತುಂಬಿದ್ದನ್ನು ಬರಿದು ಮಾಡಿದರೆ ಎಣ್ಣೆಯೂ ಪೀಪಾಯಿಯೂ ಮರಳುತ್ತವೆ. ಬರಿದು ಮಾಡುವ ರೆಸಿಪಿಗೆ ಯಾವುದೋ ಮಾಡ್ ಶೇ 10ರ ಇಳುವರಿ ಕೊಟ್ಟುಬಿಟ್ಟರೆ ಹತ್ತು ಪೀಪಾಯಿ ಹನ್ನೊಂದಾಗುತ್ತವೆ, 500 ಪಾಲು ಎಣ್ಣೆ 550 ಆಗುತ್ತದೆ. ಸುಮ್ಮನೆ ತುಂಬಿ ಸುರಿಯುತ್ತಿದ್ದರೆ ಸಾಕು, ಬಾವಿ ತೋಡುವ ಅಗತ್ಯವೇ ಇಲ್ಲ.

ಮೂಲ ಆಟದ ತಂಡ ಈ ಅಪಾಯವನ್ನು ಅರಿತೇ ಒಂದು ಮಿತಿ ಹಾಕಿದೆ. ಸಾಮಾನ್ಯವಾಗಿ ಒಂದು ರೆಸಿಪಿಯ ಹೆಚ್ಚುವರಿ ಇಳುವರಿ ಶೇ 300 ಮೀರುವಂತಿಲ್ಲ. ಆ ಮಿತಿಯಲ್ಲಿ ಉತ್ಪನ್ನ ನಾಲ್ಕು ಪಟ್ಟು. ಗುಜರಿ ಯಂತ್ರ ಹಿಂದಿರುಗಿಸುವುದು ನಾಲ್ಕನೆಯ ಒಂದು ಭಾಗ. ನಾಲ್ಕನ್ನು ಕಾಲರಿಂದ ಗುಣಿಸಿದರೆ ಒಂದು, ಅಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಾಡ್ ಒಂದು ಈ ಮಿತಿಯನ್ನು ಶೇ 400ಕ್ಕೆ ಏರಿಸಿದರೆ ಅದೇ ಗುಣಾಕಾರ ಒಂದೂಕಾಲು ತಲುಪಿ ಸೋರಿಕೆ ಶುರುವಾಗುತ್ತದೆ.

ಸೋರಿಕೆ ಹಿಡಿಯುವ ತಕ್ಕಡಿ

ಸಾವಿರಾರು ರೆಸಿಪಿಗಳ ನಡುವೆ ಇಂಥ ಸುಳಿಯನ್ನು ಕಣ್ಣಿನಿಂದ ಹುಡುಕುವುದು ಆಗದ ಕೆಲಸ. ಗಣಿತದಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಪ್ರತಿ ವಸ್ತುವಿಗೂ ಸೊನ್ನೆಗಿಂತ ಹೆಚ್ಚಿನ ಒಂದು ಕಾಲ್ಪನಿಕ ತೂಕ ಕೊಡಬೇಕು. ಯಾವ ರೆಸಿಪಿಯಲ್ಲೂ ಹೊರಬರುವ ಒಟ್ಟು ತೂಕ ಒಳಹೋಗುವ ತೂಕವನ್ನು ಮೀರಬಾರದು. ಹಾಗೆ ತೂಕ ಹಂಚಲು ಬಂದರೆ ಸೋರಿಕೆ ಇಲ್ಲ. ಹೇಗೆ ಹಂಚಿದರೂ ಹೊಂದದಿದ್ದರೆ ಎಲ್ಲೋ ಒಂದು ಸುಳಿ ಇದ್ದೇ ಇದೆ. ಗುಜರಿ ಯಂತ್ರದ ಉದಾಹರಣೆಯಲ್ಲಿ ಮೊದಲ ರೆಸಿಪಿಯ ಪ್ರಕಾರ ವಸ್ತುವಿನ ತೂಕ ಎರಡು ತಗಡನ್ನು ಮೀರುವಂತಿಲ್ಲ. ಎರಡನೆಯದರ ಪ್ರಕಾರ ಅದು ಮೂರು ತಗಡಿಗಿಂತ ಕಡಿಮೆ ಇರುವಂತಿಲ್ಲ. ಎರಡೂ ಒಟ್ಟಿಗೆ ನಿಲ್ಲಬೇಕಾದರೆ ತಗಡಿಗೆ ತೂಕವೇ ಇರಬಾರದು. ರೆಸಿಪಿಗಳನ್ನು ಅಸಮಾನತೆಗಳಾಗಿ ಬರೆದುಕೊಟ್ಟರೆ ಕಂಪ್ಯೂಟರ್ ಈ ತಾಳೆಯನ್ನು ಕ್ಷಣದಲ್ಲಿ ನೋಡುತ್ತದೆ. ಗಿರಣಿ, ಆಲೆಮನೆಗಳಲ್ಲಿ ತೂಕದ ಪಟ್ಟಿಯನ್ನು ಯಾರೂ ಹುಡುಕಬೇಕಿಲ್ಲ, ಅದು ಮೊದಲೇ ಸಿದ್ಧವಿದೆ. ಅದರ ಹೆಸರು ಕಿಲೊ.

ದುರಸ್ತಿ ಮಾತ್ರ ಚಿಕ್ಕದು. ತಯಾರಿಕೆಯ ರೆಸಿಪಿಯನ್ನು ತಿದ್ದಿದ ಮಾಡ್, ಅದರ ಗುಜರಿ ರೆಸಿಪಿಯನ್ನೂ ಆಗಲೇ ಹೊಸದಾಗಿ ಲೆಕ್ಕ ಹಾಕಬೇಕು. ಇಲ್ಲವೇ ತನ್ನ ತಿದ್ದುಪಡಿಯನ್ನು ಗುಜರಿ ರೆಸಿಪಿಗಳು ಹುಟ್ಟುವುದಕ್ಕೆ ಮೊದಲಿನ ಸುತ್ತಿಗೆ ಸರಿಸಬೇಕು. ಆಗ ಗುಜರಿ ಯಂತ್ರ 12ರ ಬದಲು 2ರ ಕಾಲುಭಾಗವನ್ನು, ಅಂದರೆ ಅರ್ಧ ತಗಡನ್ನು ಕೊಡುತ್ತದೆ. ಆಟದಲ್ಲಿ ಅರ್ಧ ತಗಡು ಎಂಬುದಿಲ್ಲವಾದ್ದರಿಂದ, ಸರಾಸರಿ ಎರಡು ಸಲಕ್ಕೊಮ್ಮೆ ಒಂದು ಇಡೀ ತಗಡು ಬರುತ್ತದೆ.